ಮುಳ್ಳು ಅಲ್ಲಾಡದ ತಿಂಗಳುಗಳು

(ದಾವಣಗೆರೆ ವಿದ್ಯಾನಗರದ ಒಂದು ಸಮುದಾಯ ಭವನದಲ್ಲಿ, ಬೆಳಗಿನ ವಾಕಿಂಗ್ ಗೆಳೆಯರು ಸೇರಿಸಿದ್ದ ಸಭೇಲಿ ಆಡಿದ ಮಾತು. ಮಾತಾಡಿದ ಹಾಗೇ ಬರ್ದಿದೀನಿ, ಕೊನೇಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ ರೀ. ಭಾನುವಾರ ಬೆಳಗ್ಗೆ ಇಷ್ಟು ಜನ ಬಂದಿದೀರಿ, ಅದ್ರಲ್ಲೂ ಹೆಣ್ಮಕ್ಕಳು ಮನೇಲಿ ತಿಂಡಿ ಕೆಲಸ ಎಲ್ಲಾ ಮುಗಿಸ್ಕೊಂಡು ಬಂದಿದೀರಿ, ಅದಕ್ಕೇ ನಾನು ಸುತ್ತಿ ಬಳಸಿ ಮಾತಾಡಲ್ಲ. ನಾನು ಡಾಕ್ಟ್ರಲ್ಲ, ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋ ಟೀಚರ್. ಕೆಲವು ವರ್ಷದಿಂದ ತೂಕ ಇಳಿಸ್ತಾ ಬಂದಿದೀನಿ, ಇಳಿದಿದ್ದು ಮತ್ತೆ ಏರದ ಹಾಗೆ ನೋಡ್ಕೊಂಡೂ ಬಂದಿದೀನಿ. ಇಳಿಸೋದು ಹೆಂಗೆ ಅಂತ ಹೇಳೋಕೆ ಫೋನ್ ತುಂಬಾ ವಿಡಿಯೋ ಇದಾವೆ, ಜನವರಿ ಒಂದನೇ ತಾರೀಕು ಏನ್ ತಿನ್ಬೇಕು ಏನ್ ಬಿಡ್ಬೇಕು ಅಂತ ಹೇಳೋರು ಸಾವಿರ ಜನ ಸಿಗ್ತಾರೆ, ಆದ್ರೆ ಐದನೇ ತಿಂಗಳಲ್ಲಿ, ಮಾಡೋದೆಲ್ಲಾ ಮಾಡ್ತಾನೇ ಇದೀನಿ ಆದ್ರೂ ತಕ್ಕಡಿ ಮುಳ್ಳು ಅಲ್ಲಾಡ್ತಾ ಇಲ್ಲ ಅನ್ನೋ ಹೊತ್ತಲ್ಲಿ ಏನು ಮಾಡ್ಬೇಕು ಅಂತ ಹೇಳೋರು ಕಮ್ಮಿ. ನಂಗೆ ಇವತ್ತು ಹೇಳೋಕಿರೋದು ಆ ತಿಂಗಳುಗಳ ಬಗ್ಗೆ. ಅವು ಎಲ್ರಿಗೂ ಬಂದೇ ಬರ್ತಾವೆ, ಅದಕ್ಕೆ ಶುರು ಮಾಡೋ ದಿನಾನೇ ತಯಾರಿ ಬೇಕು.

ಕುಂದುವಾಡ ಕೆರೆ ಏರಿ ಮೇಲೆ ದಿನಾ ನಡಿಯೋರಿಗೆ ಇದು ಗೊತ್ತೇ ಇರುತ್ತೆ. ಹೊಸ ವರ್ಷಕ್ಕೆ ಹೊಸ ಶೂ ಹಾಕ್ಕೊಂಡು ಬರೋ ಮುಖಗಳು ಎಷ್ಟೊಂದು, ಯುಗಾದಿ ಹೊತ್ತಿಗೆ ಅದ್ರಲ್ಲಿ ಉಳಿಯೋದು ಎಷ್ಟು. ಬಿಟ್ಟು ಹೋದೋರೆಲ್ಲಾ ಸೋಮಾರಿಗಳು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಐದೂವರೆಗೆ ಎದ್ದು, ಚಳೀಲಿ ಮಫ್ಲರ್ ಸುತ್ಕೊಂಡು ಬರ್ತಿದ್ದೋರು ಸೋಮಾರಿ ಹೆಂಗಾಗ್ತಾರೆ ಹೇಳ್ರಿ? ಅವರ ಮೈಯೊಳಗೆ ಏನು ನಡೀತಿದೆ ಅನ್ನೋದನ್ನ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮೊದಲ ಎರಡು ವಾರ ಏನಾಗುತ್ತೆ ನೋಡ್ರಿ. ಅನ್ನ ಕಮ್ಮಿ ಮಾಡಿದ್ರಿ, ಟೀಗೆ ಸಕ್ಕರೆ ಬಿಟ್ರಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ ಬಿಟ್ರಿ. ನಮ್ಮ ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತೆ, ಅದು ಮೊದ್ಲು ಖರ್ಚಾಗುತ್ತೆ, ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಅಂಟ್ಕೊಂಡಿರುತ್ತೆ, ಅದೂ ಹೋಗುತ್ತೆ. ಹಂಗಾಗಿ ಒಂದೆರಡು ಕೆಜಿ ಸರ್ರಂತ ಇಳಿದುಬಿಡುತ್ತೆ. ಮನೇಲಿ ಎಲ್ರೂ ಹೊಗಳ್ತಾರೆ, ನಮಗೂ ರೆಕ್ಕೆ ಬಂದಂಗಾಗುತ್ತೆ, ಇದೇ ಲೆಕ್ಕದಲ್ಲಿ ಹೋದ್ರೆ ದೀಪಾವಳಿಗೆ ಇಷ್ಟಾಗ್ತೀನಿ ಅಂತ ಮನಸ್ಸಲ್ಲೇ ಗುಣಾಕಾರ ಹಾಕ್ತೀವಿ. ಆದ್ರೆ ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಮ್ಮಿ ತಿಂತಾ ಬಂದ್ರೂ ನಿಜವಾದ ಒಂದು ಕೆಜಿ ಕೊಬ್ಬು ಕರಗೋಕೆ ಎರಡು ವಾರ ಮೇಲೇ ಬೇಕು. ಅಂದ್ರೆ ಆ ಮೊದಲ ವೇಗ ನಿಮ್ಮ ನಿಜವಾದ ವೇಗ ಅಲ್ವೇ ಅಲ್ಲ, ಆಮೇಲೆ ನಿಧಾನ ಆಗಿದ್ದೇ ನಿಜವಾದ್ದು. ಇದು ಮೊದ್ಲೇ ಗೊತ್ತಿದ್ದೋರು ಎರಡನೇ ತಿಂಗಳಲ್ಲಿ ಕುಗ್ಗಲ್ಲ.

ಮುಂದಿನದು ಇನ್ನೂ ಗಟ್ಟಿ ವಿಷಯ, ಸ್ವಲ್ಪ ತಾಳ್ಮೆಯಿಂದ ಕೇಳ್ರಿ. ನಾವು ಸಣ್ಣ ಆಗೋದನ್ನ ನಾವು ಸಂಭ್ರಮಿಸ್ತೀವಿ, ನಮ್ಮ ಮೈ ಸಂಭ್ರಮಿಸಲ್ಲ. ಅದಕ್ಕೆ ಬರಗಾಲ ಬಂತು ಅಂತ ಅನ್ಸುತ್ತೆ. 1994ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅನ್ನೋರ ತಂಡ ಲೆಪ್ಟಿನ್ ಅನ್ನೋ ಹಾರ್ಮೋನ್ ಕಂಡುಹಿಡೀತು. ಅದು ಕೊಬ್ಬಿನ ಜೀವಕೋಶದಿಂದಾನೇ ಹೊರಟು ಮೆದುಳಿಗೆ ಹೋಗಿ, ದಾಸ್ತಾನು ಸಾಕಷ್ಟಿದೆ ಅಂತ ಹೇಳುತ್ತೆ. ಕೊಬ್ಬು ಕರಗಿತು ಅಂದ್ರೆ ಲೆಪ್ಟಿನ್ ಇಳಿಯುತ್ತೆ, ಮೆದುಳಿಗೆ ಸುದ್ದಿ ಹೋಗುತ್ತೆ, ಹಸಿವು ಜಾಸ್ತಿ ಆಗುತ್ತೆ. ಹೊಟ್ಟೆಯಿಂದ ಹೊರಡೋ ಗ್ರೆಲಿನ್ ಅನ್ನೋ ಇನ್ನೊಂದು ಹಾರ್ಮೋನ್ ಇದೆ, ಹಸಿವು ಎಬ್ಬಿಸೋದು, ಅದು ಏರುತ್ತೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನಕ್ಕೆ ಹತ್ತು ವಾರ ಕಟ್ಟುನಿಟ್ಟಾದ ಡಯಟ್ ಕೊಟ್ಟು ತೂಕ ಇಳಿಸಿ, ಅವರನ್ನ ಒಂದು ವರ್ಷ ಆದ್ಮೇಲೆ ಮತ್ತೆ ಪರೀಕ್ಷೆ ಮಾಡಿದ್ರು, 2011ರಲ್ಲಿ ಅದು ಪ್ರಕಟ ಆಯ್ತು. ಒಂದು ವರ್ಷ ಕಳೆದ್ರೂ ಹಸಿವಿನ ಹಾರ್ಮೋನ್‌ಗಳು ಹಳೇ ಸ್ಥಿತಿಗೆ ಬಂದಿರಲಿಲ್ಲ, ಅವರಿಗೆ ಮೊದಲಿಗಿಂತ ಹಸಿವು ಜಾಸ್ತಿನೇ ಇತ್ತು. ಇನ್ನೊಂದು ಅಧ್ಯಯನ, ಕೆವಿನ್ ಹಾಲ್ ಅನ್ನೋ ವಿಜ್ಞಾನಿಯದು, 2016ರದ್ದು. ತೂಕ ಇಳಿಸೋ ಸ್ಪರ್ಧೆಯ ಟಿವಿ ಶೋನಲ್ಲಿ ಭಾಗವಹಿಸಿದ್ದ 14 ಜನರನ್ನ ಆರು ವರ್ಷ ಆದ್ಮೇಲೆ ನೋಡಿದ್ರೆ, ಅವರ ದೇಹ ಸುಮ್ನೆ ಕೂತಾಗ ಖರ್ಚು ಮಾಡೋ ಶಕ್ತಿ, ಆ ಗಾತ್ರದ ದೇಹಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿ ಇತ್ತು. ಅವರಲ್ಲಿ ಹೆಚ್ಚಿನೋರ ತೂಕ ವಾಪಸ್ ಬಂದಿತ್ತು.

ಇದನ್ನೆಲ್ಲಾ ಹೆದರಿಸೋಕೆ ಹೇಳ್ತಿಲ್ಲ ರೀ. ಇದನ್ನ ಮೊದಲ ಸಲ ಓದಿದಾಗ ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕಾಗಲ್ಲ. ರಾತ್ರಿ ಹತ್ತಕ್ಕೆ ಬರೋ ಹಸಿವು ನನ್ನ ಕೆಟ್ಟ ಬುದ್ಧಿಯಿಂದ ಬಂದಿದ್ದಲ್ಲ, ನನ್ನ ದೇಹ ನನ್ನನ್ನ ಉಳಿಸೋಕೆ ನೋಡ್ತಿದೆ ಅಂತ ತಿಳಿದ ಮೇಲೆ ನನ್ನ ಮೇಲೆ ನಂಗಿದ್ದ ಸಿಟ್ಟು ಹೋಯ್ತು. ಸಿಟ್ಟು ಇರೋ ತನಕ ಯಾವ ಕೆಲಸಾನೂ ಬಹಳ ದಿನ ಮಾಡೋಕಾಗಲ್ಲ. ಇನ್ನೊಂದು ಸರಳ ಲೆಕ್ಕಾನೂ ಇದೆ. ತೂಕ ಇಳಿದಂಗೆ ಅದೇ ಕೆರೆ ಸುತ್ತೋಕೆ ಕಮ್ಮಿ ಶಕ್ತಿ ಸಾಕಾಗುತ್ತೆ, ಅದೇ ಊಟ, ಅದೇ ನಡಿಗೆ, ಆದ್ರೂ ಒಂದು ಹಂತದಲ್ಲಿ ಎರಡೂ ಸರಿಸಮ ಆಗಿ ಮುಳ್ಳು ನಿಲ್ಲುತ್ತೆ. ಮುಳ್ಳು ನಿಂತಿದೆ ಅಂದ್ರೆ ಅಷ್ಟು ಇಳಿಸಿದ್ದನ್ನ ನೀವು ಹಿಡ್ಕೊಂಡಿದೀರಿ ಅಂತ ಅರ್ಥ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ದಾಖಲೆ ಪುಸ್ತಕ ಇದೆ, ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷ ಆದ್ರೂ ಹಾಗೇ ಉಳಿಸ್ಕೊಂಡಿರೋರನ್ನ ಮಾತ್ರ ಸೇರಿಸ್ಕೊಳ್ತಾರೆ, ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದಾರೆ. ಅವರ ಡಯಟ್ ಒಬ್ಬೊಬ್ಬರದು ಒಂದೊಂದು ತರ. ಆದ್ರೆ ನೂರಕ್ಕೆ 90 ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡ್ತಾರೆ, 78 ಜನ ದಿನಾ ಬೆಳಗಿನ ತಿಂಡಿ ತಿಂತಾರೆ, 75 ಜನ ವಾರಕ್ಕೆ ಒಂದು ಸಲ ಆದ್ರೂ ತೂಕ ನೋಡ್ಕೊಳ್ತಾರೆ. ವಿಶೇಷ ಮಂತ್ರ ಯಾವುದೂ ಕಾಣಲ್ಲ ಅದ್ರಲ್ಲಿ, ಬೇಜಾರಾಗೋಷ್ಟು ಸಾಮಾನ್ಯ ಕೆಲಸಗಳನ್ನ ವರ್ಷಗಟ್ಟಲೆ ಮಾಡಿದಾರೆ.

ಹಂಗಾದ್ರೆ ಆ ವರ್ಷಗಟ್ಟಲೆ ಹುಮ್ಮಸ್ಸು ಎಲ್ಲಿಂದ ತರೋದು? ನನ್ನ ಅನುಭವದಲ್ಲಿ ಹುಮ್ಮಸ್ಸು ಅಷ್ಟು ದಿನ ಇರಲ್ಲ, ಇರ್ಬೇಕು ಅಂತ ಕಾಯೋದೂ ಬೇಡ. ನಾವು ದಿನಾ ಸುತ್ತೋ ಕೆರೆನೇ ನೋಡ್ರಿ. ಭದ್ರಾ ನಾಲೇಲಿ ವರ್ಷಪೂರ್ತಿ ನೀರು ಬರಲ್ಲ. ಬಿಟ್ಟಾಗ ಕೆರೆ ತುಂಬಿಸ್ಕೊಳ್ತಾರೆ, ನಾಲೆ ಬಂದ್ ಆದಾಗ ಊರು ಆ ನೀರು ಕುಡಿಯುತ್ತೆ. ಹುಮ್ಮಸ್ಸು ಅನ್ನೋದು ನಾಲೆ ನೀರು. ಅದು ಹರೀತಿರೋ ಮೊದಲ ಎರಡು ತಿಂಗಳಲ್ಲಿ ತುಂಬಿಸ್ಕೊಳ್ಳೋಕೆ ಒಂದು ಕೆರೆ ಕಟ್ಕೋಬೇಕು, ಆ ಕೆರೆ ಅಂದ್ರೆ ಅಭ್ಯಾಸ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಅನ್ನೋ ಸಂಶೋಧಕಿ ಮತ್ತು ಅವರ ಜೊತೆಯೋರು 96 ಜನರನ್ನ ಗಮನಿಸಿದ್ರು, ಊಟದ ಜೊತೆ ಹಣ್ಣು ತಿನ್ನೋದೋ, ಊಟಕ್ಕೆ ಮುಂಚೆ ಓಡೋದೋ, ಹಿಂಗೆ ಒಂದೊಂದು ಹೊಸ ಕೆಲಸ ಅವರೇ ಆರಿಸ್ಕೊಂಡು ದಿನಾ ಮಾಡ್ಬೇಕಿತ್ತು. ಅದು ಯೋಚ್ನೆ ಮಾಡದೇ ತಾನಾಗೇ ನಡಿಯೋ ಅಭ್ಯಾಸ ಆಗೋಕೆ ಸರಾಸರಿ 66 ದಿನ ಬೇಕಾಯ್ತು, ಆದ್ರೆ ಒಬ್ಬರಿಗೆ 18 ದಿನ ಸಾಕಾದ್ರೆ ಇನ್ನೊಬ್ಬರಿಗೆ 254 ದಿನದ ತನಕ ಲೆಕ್ಕ ಹೋಯ್ತು. 21 ದಿನ ಅಂತ ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದನ್ನ ನಂಬಿ 22ನೇ ದಿನ ಯಾಕೆ ಇನ್ನೂ ಕಷ್ಟ ಅಂತ ಕೈಚೆಲ್ಬೇಡಿ. ಆ ಅಧ್ಯಯನದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇನ್ನೊಂದು ಮಾತು, ಮಧ್ಯೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಕಟ್ಟೋಕೆ ಹೇಳ್ಕೊಳ್ಳೋ ಅಂಥ ನಷ್ಟ ಏನೂ ಆಗಿರಲಿಲ್ಲ.

ಈ ಒಂದು ದಿನದ ವಿಷಯಕ್ಕೇ ನಾನು ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಬಿಟ್ಟು ಹೋಗೋರಲ್ಲಿ ಬಹಳ ಜನ ಬಿಡೋದು ಇಲ್ಲೇ. ನಮ್ಮೂರಲ್ಲಿ ಎರಡು ವರ್ಷಕ್ಕೊಂದು ದುಗ್ಗಮ್ಮನ ಜಾತ್ರೆ. ಮನೆ ತುಂಬಾ ನೆಂಟರು, ಬೀಗರೂಟ, ಹೋಳಿಗೆ, ಬಾಡೂಟ, ತಿನ್ನಲ್ಲ ಅಂದ್ರೆ ಬೇಜಾರು ಮಾಡ್ಕೊಳ್ತಾರೆ, ತಿನ್ಬಾರ್ದು ಅಂತ ನಾನೂ ಹೇಳಲ್ಲ. ಜಾತ್ರೆ ಊಟದಿಂದ ಯಾರೂ ದಪ್ಪ ಆಗಲ್ಲ. ಆಗೋದು ಜಾತ್ರೆ ಆದ್ಮೇಲಿನ ಮೂರು ವಾರದಿಂದ. "ಹೋಗ್ಲಿ ಬಿಡು, ಹೆಂಗಿದ್ರೂ ಕೆಟ್ತು, ಸೋಮವಾರದಿಂದ ಶುರು ಮಾಡಣ" ಅಂತೀವಲ್ಲ, ಆ ಸೋಮವಾರ ಬರಲ್ಲ. ಇದು ನಮ್ಮೂರ ಕಥೆ ಮಾತ್ರ ಅಲ್ಲ. ಮನಶ್ಶಾಸ್ತ್ರಜ್ಞರಾದ ಹರ್ಮನ್ ಮತ್ತು ಮ್ಯಾಕ್ 1975ರಲ್ಲೇ ಒಂದು ಪ್ರಯೋಗ ಪ್ರಕಟ ಮಾಡಿದ್ರು. ಕೆಲವರಿಗೆ ಮೊದ್ಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟು ಎಷ್ಟು ಬೇಕಾದ್ರೂ ತಿನ್ರಿ ಅಂದ್ರು. ಡಯಟ್ ಯೋಚ್ನೆ ಇಲ್ಲದೋರು ಮಿಲ್ಕ್‌ಶೇಕ್ ಕುಡಿದಿದ್ದಕ್ಕೆ ಐಸ್‌ಕ್ರೀಂ ಕಮ್ಮಿ ತಿಂದ್ರು. ಯಾವಾಗ್ಲೂ ತಿನ್ನೋದನ್ನ ಹಿಡಿತದಲ್ಲಿ ಇಟ್ಕೊಳ್ಳೋ ಜನ ಮಾತ್ರ, ಮಿಲ್ಕ್‌ಶೇಕ್ ಕುಡಿದ ಮೇಲೆ, ಏನೂ ಕುಡೀದೇ ಇದ್ದಾಗಿಗಿಂತ ಜಾಸ್ತಿ ತಿಂದ್ರು. ವ್ರತ ಮುರೀತಲ್ಲ, ಇನ್ನೇನು ಅಂತ. ಅದಕ್ಕೇ ನಾನು ವ್ರತದ ತರ ಯಾವುದನ್ನೂ ಇಟ್ಕೊಂಡಿಲ್ಲ. ನಂಗಿರೋ ನಿಯಮ ಒಂದೇ, ಮುಂದಿನ ಊಟ ಮಾಮೂಲಿ ಊಟ. ಮಧ್ಯಾಹ್ನ ಕಲ್ಯಾಣ ಮಂಟಪದಲ್ಲಿ ಎರಡು ಹೋಳಿಗೆ ತುಪ್ಪ ಆಗಿದ್ರೆ ರಾತ್ರಿ ಮನೇಲಿ ಯಾವಾಗ್ಲೂ ತಿನ್ನೋ ರೊಟ್ಟಿ, ಪಲ್ಯ, ಮಜ್ಜಿಗೆ. ಉಪವಾಸ ಕೂತು ಪ್ರಾಯಶ್ಚಿತ್ತ ಮಾಡೋದೂ ಬೇಡ, ಸೋಮವಾರಕ್ಕೆ ಕಾಯೋದೂ ಬೇಡ.

ಬೆಣ್ಣೆ ದೋಸೆ ಬಗ್ಗೆ ಕೇಳೇ ಕೇಳ್ತೀರಿ ಅಂತ ಗೊತ್ತು. ದಾವಣಗೇರಿಯಲ್ಲಿ ಇದ್ಕೊಂಡು ಬೆಣ್ಣೆ ದೋಸೆ ಜನ್ಮಕ್ಕೂ ತಿನ್ನಲ್ಲ ಅಂತ ಶಪಥ ಮಾಡೋದು ಉಳಿಯೋ ಮಾತಲ್ಲ. ಲೆಕ್ಕ ಮಾತ್ರ ತಿಳ್ಕೊಂಡಿರ್ರಿ. ದೊಡ್ಡ ಚಮಚ ಒಂದು ಬೆಣ್ಣೆ ಅಂದ್ರೆ ಸುಮಾರು 100 ಕ್ಯಾಲೊರಿ, ದೋಸೆ ಮೇಲೆ ಸುರಿದಿದ್ದು, ಒಳಗೆ ಹಾಕಿದ್ದು, ಕೊನೇಲಿ ಇಟ್ಟ ಉಂಡೆ ಎಲ್ಲಾ ಸೇರಿ ಎಷ್ಟು ಚಮಚ ಅಂತ ನಿಮಗೇ ಅಂದಾಜಾಗುತ್ತೆ. ನಾನು ತಿಂಗಳಲ್ಲಿ ಒಂದು ಭಾನುವಾರ ಮನೆಯೋರ ಜೊತೆ ಹೋಗಿ ಕೂತು, ಆಲೂ ಪಲ್ಯ ಚಟ್ನಿ ಜೊತೆ, ಬಿಸಿ ಇರುವಾಗ್ಲೇ ನೆಮ್ಮದಿಯಾಗಿ ತಿಂತೀನಿ. ಪಾರ್ಸೆಲ್ ಮನೆಗೆ ತರಲ್ಲ. ಆ ಒಂದು ದೋಸೆಯಿಂದ ಇಡೀ ತಿಂಗಳು ಏನೋ ಕಳ್ಕೊಂಡಿದೀನಿ ಅನ್ಸಲ್ಲ, ಹಂಗೆ ಅನ್ಸದೇ ಇರೋದಕ್ಕೇ ಇಷ್ಟು ವರ್ಷ ನಡ್ಕೊಂಡು ಬಂದಿದೆ.

ಈಗ ಮನೆ ಅಡುಗೆ. ಗಂಡಸರು ಇದನ್ನ ಸರಿಯಾಗಿ ಕೇಳ್ಕೊಳ್ರಿ ದಯವಿಟ್ಟು. ನಮ್ಮ ಕಡೆ ಹೆಣ್ಮಗಳೊಬ್ಬಳು ಡಯಟ್ ಮಾಡ್ತೀನಿ ಅಂದ್ರೆ ಏನಾಗುತ್ತೆ, ಮನೆಯೋರಿಗೆಲ್ಲಾ ಮಾಮೂಲಿ ಅಡುಗೆ ಮಾಡಿ, ಬಡಿಸಿ, ಕೊನೇಲಿ ತನಗೊಂದು ಬೇರೆ ಮಾಡ್ಕೋಬೇಕು, ಅದು ಆಗದ ದಿನ ಮಕ್ಕಳು ಬಿಟ್ಟಿದ್ದು ವೇಸ್ಟ್ ಆಗ್ಬಾರ್ದು ಅಂತ ತಿಂದು ಮಲ್ಗೋದು. ಎರಡು ಅಡುಗೆ ಯಾವ ಮನೇಲೂ ಬಹಳ ದಿನ ನಡಿಯಲ್ಲ. ಇಡೀ ಮನೆ ತಟ್ಟೆ ಬದಲಾಗ್ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗದರ್ಶಿ ತಂದಿದೆ, ಅದ್ರ ಪ್ರಕಾರ 2,000 ಕ್ಯಾಲೊರಿಯ ಒಂದು ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಮನೆಗಳಲ್ಲಿ ಧಾನ್ಯ ಇದಕ್ಕಿಂತ ಎಷ್ಟೋ ಜಾಸ್ತಿ, ತರಕಾರಿ ಸಾಂಬಾರಲ್ಲಿ ತೇಲೋ ನಾಲ್ಕು ಹೋಳು. ಎಣ್ಣೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಲೆಕ್ಕ, ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂಕಾಲು ಕೆಜಿ ಆಯ್ತು. ಈ ತಿಂಗಳು ನಿಮ್ಮ ಕಿರಾಣಿ ಚೀಟೀಲಿ ಎಣ್ಣೆ ಎಷ್ಟಿದೆ ನೋಡ್ರಿ, ಬೆಣ್ಣೆ ತುಪ್ಪಾನೂ ಸೇರಿಸಿ. ನಂಗೆ ಇದು ಬಹಳ ಸಹಾಯ ಮಾಡ್ತು, ದಿನಾ ಚಮಚ ಅಳೆಯೋ ಬದ್ಲು ತಿಂಗಳಿಗೊಂದು ಸಲ ಅಂಗಡೀಲೇ ತೀರ್ಮಾನ ಆಗಿಬಿಡುತ್ತೆ, ಹುಮ್ಮಸ್ಸು ಇಲ್ಲದ ದಿನಾನೂ ಅಡುಗೆಮನೇಲಿ ಇರೋದೇ ಅಷ್ಟು. ನವಣೆ ಸಾಮೆ ತಿಂದ್ರೆ ಇಳಿಯುತ್ತಾ ಅಂತ ಕೇಳ್ತಾರೆ. ಚಿತ್ರದುರ್ಗ ಸೀಮೆಯಲ್ಲಿ ಬೆಳೆದೋಳು ನಾನು, ಸಿರಿಧಾನ್ಯ ನಂಗೆ ಪ್ರೀತಿ, ನಾರಿನಂಶ ಇದೆ, ಹೊಟ್ಟೇಲಿ ಹೆಚ್ಚು ಹೊತ್ತು ನಿಲ್ಲುತ್ತೆ. ಆದ್ರೆ ಅದೂ ಧಾನ್ಯನೇ, ತಟ್ಟೆ ತುಂಬಾ ನವಣೆ ಅನ್ನ ತಿಂದ್ರೆ ತಟ್ಟೆ ತುಂಬಾ ತಿಂದಂಗೇ. ಬೇಳೆ, ಕಾಳು, ಮೊಟ್ಟೆ, ಮೊಸರು ಇವನ್ನ ಜಾಸ್ತಿ ಮಾಡ್ರಿ, ಹಸಿವು ಹಿಡಿತಕ್ಕೆ ಬರೋದು ಅದ್ರಿಂದ.

ನಡಿಗೆ ಬಗ್ಗೆ ಜಾಸ್ತಿ ಹೇಳಲ್ಲ, ನೀವೆಲ್ಲಾ ನಡಿಯೋರೇ. ಹತ್ತು ಸಾವಿರ ಹೆಜ್ಜೆ ಆಗ್ಲಿಲ್ಲ ಅಂತ ಬೇಸರ ಪಡೋರಿಗೆ ಒಂದು ಮಾತು. ಆ ಹತ್ತು ಸಾವಿರ ಹುಟ್ಟಿದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸೋ ಯಂತ್ರದ ಹೆಸರಿನಿಂದ. 2019ರಲ್ಲಿ ವಯಸ್ಸಾದ ಹೆಣ್ಮಕ್ಕಳ ಮೇಲೆ ನಡೆದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆ ಹಾಕೋರಲ್ಲೇ ಸಾವಿನ ಪ್ರಮಾಣ 2,700 ಹಾಕೋರಿಗಿಂತ ಸಾಕಷ್ಟು ಕಮ್ಮಿ ಇತ್ತು, 7,500ರ ಹತ್ರ ಹೋಗಿ ಆ ಲಾಭ ಸಮ ಆಯ್ತು. ಏಪ್ರಿಲ್ ಬಿಸಿಲಲ್ಲಿ ಏಳು ಗಂಟೆಗೇ ನೆತ್ತಿ ಸುಡೋವಾಗ ಅರ್ಧ ಸುತ್ತು ಹಾಕಿ ಬಂದ್ರೂ ಅದು ಲೆಕ್ಕಕ್ಕೆ ಬರುತ್ತೆ. ನಡಿಗೆ ಜೊತೆ ಬಸ್ಕಿ ಹೊಡೀರಿ. ಕುಸ್ತಿಗೆ, ಗರಡಿ ಮನೆಗಳಿಗೆ ಹೆಸರಾದ ಊರು ನಮ್ಮದು, ಆದ್ರೆ ಕಸರತ್ತು ಗಂಡು ಹುಡುಗರಿಗೆ ಮಾತ್ರ ಅಂತ ನಮ್ಮ ಹೆಣ್ಮಕ್ಕಳು ದೂರ ಉಳಿದುಬಿಟ್ರು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗುತ್ತೆ, ಅದನ್ನ ಉಳಿಸ್ಕೊಳ್ಳೋಕೆ ಭಾರ ಎತ್ತೋ ಕೆಲಸ ಬೇಕೇ ಬೇಕು. ಕುರ್ಚಿ ಹಿಡ್ಕೊಂಡು ಕೂತು ಏಳೋದ್ರಿಂದ ಶುರು ಮಾಡಿದ್ರೆ ಅರವತ್ತು ದಾಟಿದೋರೂ ಮಾಡ್ಬಹುದು, ಮಂಡಿ ನೋವಿದ್ರೆ ಡಾಕ್ಟರ್ ಕೇಳ್ಕೊಂಡು.

ಮುಳ್ಳು ಅಲ್ಲಾಡದ ತಿಂಗಳಲ್ಲಿ ಬೇರೆ ಏನನ್ನ ನೋಡ್ಬೇಕು ಅನ್ನೋದು ಈಗ. ತೂಕ ಅನ್ನೋದು ಉಪ್ಪು, ನೀರು, ಮಲಬದ್ಧತೆ, ಮುಟ್ಟಿನ ದಿನ ಇವುಗಳ ಮೇಲೇ ದಿನದಿಂದ ದಿನಕ್ಕೆ ಒಂದೆರಡು ಕೆಜಿ ಆಕಡೆ ಈಕಡೆ ಆಗುತ್ತೆ. ಉಪ್ಪಿನಕಾಯಿ ಹಪ್ಪಳ ತಿಂದ ಮಾರನೇ ದಿನ ಏರಿದ್ದು ಕೊಬ್ಬಲ್ಲ. ನಾನು ವಾರಕ್ಕೆ ಒಂದು ಸಲ, ಯಾವಾಗ್ಲೂ ಅದೇ ದಿನ, ಅದೇ ಹೊತ್ತು ನೋಡ್ತೀನಿ, ಬರ್ದಿಡ್ತೀನಿ, ತಿಂಗಳ ಕೊನೇಲಿ ಒಟ್ಟಿಗೆ ನೋಡ್ತೀನಿ. ಅದಕ್ಕಿಂತ ನಾನು ನಂಬೋದು ಒಂದು ದಾರನ. ಹೊಕ್ಕಳ ಮಟ್ಟದಲ್ಲಿ ಸುತ್ತಿ, ಸೇರೋ ಕಡೆ ಒಂದು ಗಂಟು. ತಿಂಗಳಾದ ಮೇಲೆ ಮತ್ತೆ ಸುತ್ತಿ ಇನ್ನೊಂದು ಗಂಟು. ತೂಕ ನಿಂತಿದ್ದ ತಿಂಗಳುಗಳಲ್ಲೂ ಗಂಟು ಒಳಗೆ ಒಳಗೆ ಬಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ನಮ್ಮ ದೇಶದೋರಿಗೆ ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರ್ದು ಅಂತಾರೆ, ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 23 ದಾಟಿದ್ರೇ ನಮಗೆ ಎಚ್ಚರಿಕೆ ಬೇಕು, ಯಾಕಂದ್ರೆ ಕೈ ಕಾಲು ಸಣ್ಣ ಇದ್ರೂ ಹೊಟ್ಟೆ ಸುತ್ತ ಕೊಬ್ಬು ಸೇರೋ ಮೈ ನಮ್ಮದು. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದ್ರೆ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನದಲ್ಲಿ ದೇಶದ ದೊಡ್ಡೋರಲ್ಲಿ ನೂರಕ್ಕೆ ಸುಮಾರು 39 ಜನಕ್ಕೆ ಹೊಟ್ಟೆ ಬೊಜ್ಜು ಇದೆ ಅಂತ ಕಂಡಿತು, ಹತ್ತು ಕೋಟಿ ಮೇಲೆ ಜನಕ್ಕೆ ಡಯಾಬಿಟಿಸ್.

ಇನ್ನೊಂದು, ಒಳಗಿನ ಲಾಭ ತಕ್ಕಡಿಗಿಂತ ಮುಂಚೆ ಬರುತ್ತೆ. 2002ರಲ್ಲಿ ಪ್ರಕಟವಾದ ಅಮೆರಿಕದ ಡಯಾಬಿಟಿಸ್ ತಡೆಯೋ ಅಧ್ಯಯನದಲ್ಲಿ ಜನಕ್ಕೆ ಕೊಟ್ಟಿದ್ದ ಗುರಿ ತೂಕದ ನೂರಕ್ಕೆ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ. ಅಷ್ಟರಲ್ಲೇ ಸಕ್ಕರೆ ಕಾಯಿಲೆ ಬರೋದು ನೂರಕ್ಕೆ 58ರಷ್ಟು ಕಮ್ಮಿ ಆಯ್ತು. 80 ಕೆಜಿ ಇರೋರಿಗೆ 7 ಪರ್ಸೆಂಟ್ ಅಂದ್ರೆ ಐದೂವರೆ ಕೆಜಿ, ಅಷ್ಟೇ ರೀ. ಮದುವೆ ಫೋಟೋದಲ್ಲಿ ಅದು ಕಾಣೋದೂ ಇಲ್ಲ. ಮಂಡಿ ಸವೆದೋರಲ್ಲಿ ಒಂದು ಕೆಜಿ ಇಳಿದ್ರೆ ಒಂದೊಂದು ಹೆಜ್ಜೇಲೂ ಮಂಡಿ ಮೇಲೆ ಬೀಳೋ ಭಾರ ನಾಲ್ಕು ಕೆಜಿ ಕಮ್ಮಿ ಆಗುತ್ತೆ ಅಂತ ಅಳತೆ ಮಾಡಿ ತೋರಿಸಿದಾರೆ. ಬೇಕಿದ್ರೆ ಒಂದು ದಿನ ದುರ್ಗದ ಕೋಟೆಗೆ ಹೋಗಿ ಬನ್ನಿ. ಏಳು ಸುತ್ತಿನ ಕೋಟೆ ಬಾಗಿಲಿಂದ ಮೇಲಿನ ದೇವಸ್ಥಾನಗಳ ತನಕ ಎಲ್ಲೆಲ್ಲಿ ನಿಂತು ಉಸಿರು ತಗೊಂಡ್ರಿ ಅಂತ ನೆನಪಿಟ್ಕೊಳ್ರಿ, ಆರು ತಿಂಗಳು ಬಿಟ್ಟು ಮತ್ತೆ ಹೋಗ್ರಿ. ನಾನು ಶಾಲೆ ಮಕ್ಕಳ ಪ್ರವಾಸದಲ್ಲಿ ಮೊದಲೆಲ್ಲಾ ಓಬವ್ವನ ಕಿಂಡಿ ತೋರಿಸಿ ಕೆಳಗೇ ಕೂರ್ತಿದ್ದೆ, ಈಗ ಮಕ್ಕಳ ಜೊತೆ ಮೇಲೆ ತನಕ ಹೋಗ್ತೀನಿ. ಆ ಖುಷಿನ ಯಾವ ತಕ್ಕಡಿನೂ ತೋರ್ಸಲ್ಲ.

ಇದೆಲ್ಲಾ ಯಾಕೆ ಮಾಡ್ತಿದೀನಿ ಅನ್ನೋದು ನಿಮ್ಮದೇ ಆಗಿರ್ಬೇಕು. ತಂಗಿ ಮದುವೆಗೆ, ಅತ್ತಿಗೆ ಆಡಿದ ಮಾತಿಗೆ ಶುರು ಮಾಡಿದ್ದು, ಮದುವೆ ಮುಗಿದ ಮಾರನೇ ದಿನ ಮುಗಿಯುತ್ತೆ. ಡೆಸಿ ಮತ್ತು ರಯಾನ್ ಅನ್ನೋ ಮನಶ್ಶಾಸ್ತ್ರಜ್ಞರು ಬಹಳ ವರ್ಷ ಹೇಳ್ತಾ ಬಂದಿದ್ದೂ ಇದನ್ನೇ, ಬೇರೆಯೋರ ಒತ್ತಾಯಕ್ಕೆ ಹಿಡಿದ ಕೆಲಸಕ್ಕಿಂತ ತನ್ನ ಮನಸ್ಸೊಪ್ಪಿ ಹಿಡಿದ ಕೆಲಸ ಉಳಿಯುತ್ತೆ ಅಂತ. ನಮ್ಮಪ್ಪಂಗೆ ಶುಗರ್‌ನಿಂದ ಕಾಲಿನ ಬೆರಳು ತೆಗೀಬೇಕಾಯ್ತು. ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದ ಮನುಷ್ಯ ಬಾತ್‌ರೂಮಿಗೆ ಗೋಡೆ ಹಿಡ್ಕೊಂಡು ಹೋಗೋದನ್ನ ನೋಡಿದೀನಿ. ನನ್ನ ರಕ್ತ ಪರೀಕ್ಷೇಲಿ ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸೋ ಲೆಕ್ಕ, ಆರರ ಗಡಿ ದಾಟಿ, ಡಯಾಬಿಟಿಸ್ ಅಲ್ಲ ಆದ್ರೆ ಹತ್ರ ಇದೆ ಅಂತ ಬಂದಾಗ ನಂಗೆ ಬೇರೆ ಕಾರಣ ಬೇಕಾಗ್ಲಿಲ್ಲ. ಜನ ಹೊಗಳಿದ್ರೂ, "ಏನಮ್ಮಾ ಸೊರಗಿ ಹೋಗಿದೀಯ, ಮುಖ ಎಲ್ಲಾ ಬಾಡೈತೆ, ಹುಷಾರಿಲ್ವಾ" ಅಂದ್ರೂ ಆ ಕಾರಣ ಅಲ್ಲೇ ಇರುತ್ತೆ. ನಿಮ್ಮದು ಮೊಮ್ಮಗೂನ ಎತ್ಕೊಂಡು ಮಹಡಿ ಹತ್ತೋದಿರ್ಬಹುದು, ಗರ್ಭ ನಿಲ್ಬೇಕು ಅನ್ನೋದಿರ್ಬಹುದು, ಗೊರಕೆ ನಿಂತು ಒಂದು ರಾತ್ರಿ ಚೆನ್ನಾಗಿ ನಿದ್ದೆ ಬರ್ಲಿ ಅನ್ನೋದಿರ್ಬಹುದು. ಒಂದು ಚೀಟೀಲಿ ಬರ್ದು ಬೀರು ಬಾಗಿಲ ಒಳಗೆ ಅಂಟಿಸ್ರಿ, ಬೇರೆಯೋರಿಗೆ ತೋರಿಸೋ ಅಗತ್ಯ ಇಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ರೆ ಕೇಳ್ರಿ.

ಒಬ್ಬರು ಅಣ್ಣ ಕೇಳಿದ್ರು, ಈಗ ತೂಕ ಇಳಿಸೋ ಇಂಜೆಕ್ಷನ್ ಬಂದಿದಾವಲ್ಲ ಮೇಡಂ, ಇಷ್ಟೆಲ್ಲಾ ಯಾಕೆ ಅಂತ. ಬಂದಿದಾವೆ, ನಮ್ಮ ದೇಶಕ್ಕೆ 2025ರಲ್ಲಿ ಮೌಂಜಾರೋ, ವೆಗೋವಿ ಎರಡೂ ಬಂದ್ವು. ಕೆಲಸ ಮಾಡ್ತಾವೆ, ನಾನು ಮೊದ್ಲು ಹೇಳಿದ ಹಸಿವಿನ ಹಾರ್ಮೋನ್ ವಿಷಯದಲ್ಲೇ ಕೆಲಸ ಮಾಡ್ತಾವೆ, ತಗೊಳ್ಳೋರನ್ನ ಅಡ್ಡದಾರಿ ಹಿಡಿದ್ರು ಅಂತ ಆಡ್ಕೋಬೇಡಿ. ಆದ್ರೆ ವೆಗೋವಿಯಲ್ಲಿರೋ ಸೆಮಾಗ್ಲುಟೈಡ್ ಅನ್ನೋ ಔಷಧಿ ನಿಲ್ಲಿಸಿದೋರನ್ನ ಒಂದು ವರ್ಷ ಗಮನಿಸಿದಾಗ ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಬೇಕೋ ಬೇಡವೋ ಅನ್ನೋದು ಡಾಕ್ಟರ್ ಹತ್ರ ಕೂತು ತೀರ್ಮಾನ ಮಾಡೋದು, ಮೆಡಿಕಲ್ ಶಾಪ್ ಕೌಂಟರಲ್ಲಲ್ಲ. ಶುಗರ್ ಮಾತ್ರೆ ಇನ್ಸುಲಿನ್ ತಗೊಳ್ಳೋರು ಊಟ ಕಮ್ಮಿ ಮಾಡೋ ಮುಂಚೆನೂ ಡಾಕ್ಟರ್‌ಗೆ ಹೇಳ್ರಿ, ಶುಗರ್ ಏಕಾಏಕಿ ಇಳಿದ್ರೆ ಅಪಾಯ.

ಥೈರಾಯ್ಡ್ ಇದ್ರೆ ಏನ್ ಮಾಡಿದ್ರೂ ತೂಕ ಇಳಿಯಲ್ವಂತೆ ಹೌದಾ ಅಂತ ಇನ್ನೊಬ್ಬರು. ಮಾತ್ರೆ ಸರಿಯಾಗಿ ತಗೊಂಡು ಮಟ್ಟ ಸರಿ ಇದ್ರೆ ಇಳಿಯುತ್ತೆ, ಅದೊಂದೇ ಕಾರಣ ಅಂತ ಕೂರೋದು ಬೇಡ. ಸ್ಟೆರಾಯ್ಡ್, ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಮಾತ್ರೆ ಇವೂ ತೂಕ ಏರಿಸ್ತಾವೆ, ಹಂಗಂತ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟರ್ ಹತ್ರ ಬೇರೆ ದಾರಿ ಇದೆಯಾ ಕೇಳ್ರಿ.

ಕೊನೇಗೆ ಹಿಂದಿನ ಸಾಲಿಂದ ಒಬ್ಬ ತಾಯಿ, ಒಂಬತ್ತನೇ ಕ್ಲಾಸ್ ಮಗಳು ದಪ್ಪ ಆಗ್ತಿದಾಳೆ, ಹೆಂಗೆ ಮೋಟಿವೇಟ್ ಮಾಡೋದು ಅಂತ ಕೇಳಿದ್ರು. ಅಮ್ಮಾ, ನಾನು ದಿನಾ ಆ ವಯಸ್ಸಿನ ಹುಡುಗೀರ ಮಧ್ಯೆನೇ ಇರೋಳು, ಅದಕ್ಕೆ ಕೈ ಮುಗಿದು ಹೇಳ್ತೀನಿ, ಅವಳ ಮುಂದೆ ಅವಳ ತೂಕದ ಮಾತು ಎತ್ಬೇಡಿ. ನೆಂಟರು ಬಂದು ಡುಮ್ಮಿ ಗಿಮ್ಮಿ ಅಂದ್ರೆ ಅಲ್ಲೇ ತಡೀರಿ. ಬೆಳೆಯೋ ಮಕ್ಕಳಿಗೆ ಡಯಟ್ ಅಂತ ಉಪವಾಸ ಹಾಕಂಗಿಲ್ಲ. ಮನೇಗೆ ಬಾಟ್ಲಿ ಜ್ಯೂಸು, ಕುರುಕಲು ಪ್ಯಾಕೆಟ್ ತರೋದು ಎಲ್ರಿಗೂ ನಿಲ್ಲಿಸ್ರಿ, ಅವಳೊಬ್ಬಳಿಗೆ ಅಲ್ಲ. ರಾತ್ರಿ ಫೋನ್ ಹೊರಗಿಟ್ಟು ಸರಿಯಾಗಿ ನಿದ್ದೆ ಮಾಡ್ಲಿ. ಸಂಜೆ ಟ್ಯೂಷನ್ ಒಂದು ಕಮ್ಮಿ ಮಾಡಿ ಆಟಕ್ಕೆ ಬಿಡ್ರಿ, ಥ್ರೋಬಾಲ್, ಕೊಕ್ಕೋ, ಸೈಕಲ್, ಏನಾದ್ರೂ. ಮುಟ್ಟು ಸರಿಯಾಗಿ ಆಗ್ತಿಲ್ಲ, ಕುತ್ತಿಗೆ ಹಿಂದೆ ಕಪ್ಪಾಗಿದೆ ಅಂತಿದ್ರೆ ಒಂದು ಸಲ ಮಕ್ಕಳ ಡಾಕ್ಟರ್‌ಗೆ ತೋರಿಸ್ರಿ, ಅಲ್ಲಿ ತೂಕ ನೋಡುವಾಗ ನಂಬರ್ ಜೋರಾಗಿ ಹೇಳ್ಬೇಡಿ ಅಂತ ಮೊದ್ಲೇ ಹೇಳಿಡಿ. ನಾಳೆ ಬೆಳಗ್ಗೆ ಕೆರೆಗೆ ಬರೋವಾಗ ಅವಳನ್ನೂ ಕರೀರಿ, ಬರಲ್ಲ ಅಂದ್ರೆ ಬಿಡ್ರಿ, ನಾಡಿದ್ದು ಮತ್ತೆ ಕರೀರಿ.